ಸಾಲ ಹೋದ ಪೀರಿಯಡ್ಡಿನ ಮೇಡಂ

ಗಣಿತದ ಮೇಷ್ಟ್ರು ಪೌರನೀತಿ ಮೇಡಂಗೆ ಈ ವರ್ಷ ಹನ್ನೊಂದು ಪೀರಿಯಡ್ ಬಾಕಿ ಉಳಿಸಿಕೊಂಡಿದ್ದಾರೆ. ಪರೀಕ್ಷೆ ಇಲ್ಲದ ಪಾಠವೆಂದರೆ ಎಲ್ಲರಿಗೂ ಸಲೀಸು. ವಾರ್ಷಿಕೋತ್ಸವದ ಕುಣಿತ, ಹಲ್ಲಿನ ತಪಾಸಣೆ, ಬೆಂಚಿಗೆ ಬಣ್ಣ ಬಳಿಯುವುದು, ಎಲ್ಲವೂ ಆಕೆಯ ತರಗತಿಯಲ್ಲೇ ಆಗಬೇಕು. ಆದರೂ ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಚಳವಳಿಗೆಂದು ಬೀದಿಗಿಳಿದು ಲಾಠಿ ಏಟು ತಿಂದು ಮೊಣಕಾಲು ಕಳೆದುಕೊಂಡವಳು ನಾನು, ಮೊಮ್ಮಗಳ ಬಾಯಲ್ಲಿ ಬರುವುದು ಮಾತ್ರ ಆ ಮೇಡಂ ಮಾತು. ಊಟಕ್ಕೆ ಕೂತು ನಾನು ಮಾತು ಶುರುಮಾಡಿದರೆ, "ಅಜ್ಜಿ, ನಿನ್ನ ಸರದಿ ಮುಗೀತು, ಈಗ ಅಮ್ಮ ಮಾತಾಡ್ಲಿ" ಅನ್ನುತ್ತಾಳೆ. ಮೇಡಂ ದನಿಯೋ, ಧಿಕ್ಕಾರ ಕೂಗಿದರೆ ಬೀದಿನಾಯಿಯೂ ತಿರುಗಿ ನೋಡಲಾರದು. ಮೊನ್ನೆ ಮೊಮ್ಮಗಳು ಮರೆತ ಊಟದ ಡಬ್ಬಿ ಕೊಡಲು ಹೋದಾಗ ಗಣಿತದ ಮೇಷ್ಟ್ರು ಮತ್ತೆ ಪೀರಿಯಡ್ ಕೇಳಿಕೊಂಡು ಮೇಡಂ ತರಗತಿಯ ಬಾಗಿಲಲ್ಲಿ ನಿಂತಿದ್ದರು. "ಪೀರಿಯಡ್ ನಂದಲ್ಲ ಸರ್, ಮಕ್ಕಳದು. ಅವರನ್ನೇ ಕೇಳಿ" ಎಂದರು ಮೇಡಂ. ಇಡೀ ತರಗತಿ ಕೊಡೋಣ ಎಂದು ಕೈ ಎತ್ತಿತು, ನನ್ನ ಮೊಮ್ಮಗಳು ಒಬ್ಬಳೇ ಬೇಡ ಎಂದಳು. ನಾನಾಗಿದ್ದರೆ "ಕೂತ್ಕೊಳ್ಳೇ" ಎನ್ನುತ್ತಿದ್ದೆ. ಮೇಡಂ ಮೇಷ್ಟ್ರನ್ನು ಅಲ್ಲೇ ಕಾಯಿಸಿ, "ಸೋತವಳು ಯಾಕೆ ಬೇಡ ಅಂದ್ಲು, ಎಲ್ಲರೂ ಕೇಳಿಸ್ಕೊಳ್ಳಿ" ಎಂದು ತಾವು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಇಲ್ಲೀವರೆಗೂ ಕೊಟ್ಟಿದ್ದು ಒಂದೂ ವಾಪಸ್ ಬಂದಿಲ್ಲ" ಎಂದು ಹುಡುಗಿ ನೆಟ್ಟಗೆ ನಿಂತು ಹೇಳಿದಳು, ಆಮೇಲೆ ಮುಖ ಊದಿಸದೆ ಗಣಿತದ ಪುಸ್ತಕ ತೆಗೆದಳು. ನಮ್ಮ ಚಳವಳಿಯಲ್ಲಿ ಒಂಟಿ ಕೈಗೆ ಯಾರೂ ಮೈಕ್ ಕೊಟ್ಟವರಿಲ್ಲ. ನನ್ನ ಹೊಟ್ಟೆಕಿಚ್ಚು ಮೇಡಂ ಅವರನ್ನು ಬಿಟ್ಟು, ಅಂಥವರು ಸಿಕ್ಕ ಮೊಮ್ಮಗಳಿಗೇ ತಗುಲಿಕೊಂಡಿತು. ಬರುವ ವರ್ಷ ಈ ಪಾಠವನ್ನೇ ತೆಗೆದುಹಾಕುತ್ತಾರಂತೆ. ಮಕ್ಕಳ ತಂದೆತಾಯಿಗಳೇ, ಶನಿವಾರದ ಪೋಷಕರ ಸಭೆಗೆ ಬನ್ನಿ, ಪೌರನೀತಿ ಕಡ್ಡಾಯವಾಗಲಿ ಎಂದು ಮುಖ್ಯೋಪಾಧ್ಯಾಯರ ಮುಖ ನೋಡಿ ಹೇಳಿ.