ಎದುರು ಮಾತಿನ ಮನೆ

ಫಿನಾಯಿಲಿನ ವಾಸನೆ ಒಂದೇ ಬಂದರೆ ನನಗೆ ಏನೂ ಆಗುವುದಿಲ್ಲ. ಮಲ್ಲಿಗೆಯ ವಾಸನೆ ಒಂದೇ ಬಂದರೂ ಅಷ್ಟೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದು ಹೋದ ವಾರ, ಕೊಟ್ಟೂರಿನ ಒಂದು ಆಸ್ಪತ್ರೆಯಲ್ಲಿ. ಕಾಲೇಜಿನ ಸಹೋದ್ಯೋಗಿಯೊಬ್ಬರನ್ನು ನೋಡಲು ಹೋಗಿದ್ದೆ. ನೆಲ ಒರೆಸಿದ ಹೆಂಗಸು ಬಕೆಟ್ ಎತ್ತಿಕೊಂಡು ಆಚೆ ಹೋದಳು. ಮುಡಿ ತುಂಬ ಹೂ ಮುಡಿದ ನರ್ಸೊಬ್ಬಳು ಆ ಒದ್ದೆ ನೆಲದ ಮೇಲೆ ಹುಷಾರಾಗಿ ಕಾಲಿಡುತ್ತ ಬಂದಳು. ಅಷ್ಟೇ. ದೊಡ್ಡವ್ವ ನನ್ನ ಪಕ್ಕದಲ್ಲಿ ನಿಂತು ಮೂಗು ಮುರಿದು, "ಇಷ್ಟು ಚಂದ ವಾಸನಿ ಯಾಕ ಮಾಡ್ಯಾರ, ಕೇಳು" ಅಂದಂತಾಯಿತು.

ಅದು ಆಕೆ ನಿಜವಾಗಿ ಆಡಿದ ಮಾತೇ? ಹೇಳಲಾರೆ. ಹಡಗಲಿ ರಸ್ತೆಯ ಆ ವೃದ್ಧಾಶ್ರಮಕ್ಕೆ ನಾವು ಹೋದ ದಿನ ಫಿನಾಯಿಲ್ ಇದ್ದದ್ದು ಖಂಡಿತ. ಮಲ್ಲಿಗೆ ಇತ್ತೋ, ಇಲ್ಲ ಮಲ್ಲಿಗೆಗೆ ಹೆಸರಾದ ಹಡಗಲಿ ಅಂದೊಡನೆ ನೆನಪು ತಾನೇ ಹೂ ಮುಡಿದುಕೊಂಡಿತೋ...

ದೊಡ್ಡವ್ವ ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ತವರಿನ ಎದುರುಮನೆಯವಳು; ಓಣಿಗೆಲ್ಲ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಮಗನ ಜೊತೆ ಇದ್ದಳು. ಮಕ್ಕಳಿರಲಿಲ್ಲ. ಆದರೆ ಓಣಿಯ ಯಾವ ಹುಡುಗಿಗೆ ಗಂಡು ಗೊತ್ತು ಮಾಡಬೇಕಾದರೂ, ಗಂಡಿನ ಮನೆ ನೋಡಲು ಹೊರಟವರು ಆಕೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಕುಳಿತು ಹೊಲ, ನೌಕರಿ, ಮನೆತನ ವಿಚಾರಿಸುತ್ತಿದ್ದರೆ ಆಕೆ ಸೀದಾ ಒಳಗೆ ಹೋಗಿ ಅಡಿಗೆಮನೆಯ ಹೊಸ್ತಿಲ ಬಳಿ ಕೂರುತ್ತಿದ್ದಳು. ಮನಸ್ಸು ಒಪ್ಪುವ ತನಕ ಆ ಮನೆಯ ಚಹಾ ಮುಟ್ಟುತ್ತಿರಲಿಲ್ಲ. ಲೋಟ ಎದುರಿಗೇ ಆರಿ ಕೆನೆಗಟ್ಟುತ್ತಿತ್ತು.

ನನ್ನ ಮದುವೆಗೆ ಮುಂಚೆಯೂ ಹಾಗೇ ಹರಪನಹಳ್ಳಿಗೆ ಹೋಗಿ ಬಂದು ಅಪ್ಪನಿಗೆ ಹೇಳಿದಳು: "ಕಣ್ಣು ಮುಚ್ಚಿ ಕೊಡು. ಅತ್ತಿ ಏನೋ ಒಂದು ಅಂದ್ಲು. ದೊಡ್ಡ ಸೊಸಿ ನಮ್ಮ ಮುಂದನ 'ನಿಮಗೇನು ಗೊತ್ತು, ಸುಮ್ನಿರ್ರಿ' ಅಂದ್ಲು. ಅತ್ತಿ ನಕ್ಕು ಸುಮ್ಮನಾದ್ಲು."

ಅಪ್ಪ ಗಾಬರಿಯಾದರು. "ಅಂಥಾ ಬಾಯಿಬಡಕಿ ಇರೋ ಮನಿಗೆ ಕೊಡಬೇಕೇನವ್ವ?"

"ಆ ಮನ್ಯಾಗ ಯಾರಿಗೂ ಹೆದರಿಕಿ ಇಲ್ಲ ಅಂತ ಆತಲ್ಲಪಾ. ನಾನು ನೋಡಾಕ ಹೋಗಿದ್ದು ಅದನ್ನ."

ಆಕೆಯ ಅಳತೆ ಅದೊಂದೇ. ಸೊಸೆ ಬಂದವರ ಮುಂದೆ ಎದುರು ಮಾತಾಡುತ್ತಾಳೋ ಇಲ್ಲವೋ. ಆ ಅಳತೆ ಯಾವಾಗಲೂ ಸರಿಬಂತೆಂದು ಓಣಿಯವರು ಈಗಲೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಆ ದೊಡ್ಡ ಸೊಸೆಯ ಬಾಯಿಗೆ ಸಿಕ್ಕು ನಾನೇ ಎಷ್ಟೋ ಸಲ ಅತ್ತಿದ್ದೇನೆ. ಉಜ್ಜಿನಿಯ ಕಡೆ ಆಕೆ ಒಪ್ಪಿ ಕೊಡಿಸಿದ ಇನ್ನೊಂದು ಮನೆಯಿಂದ ಹುಡುಗಿ ವರ್ಷ ತುಂಬುವ ಮೊದಲೇ ಪೆಟ್ಟಿಗೆ ಹಿಡಿದುಕೊಂಡು ತಿರುಗಿ ಬಂದಳು. ತೀರಿಹೋದವರನ್ನು ನೆನೆಯುವಾಗ ಇಂಥವನ್ನು ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಆಕೆ ನನಗೆ ಗುರುತೇ ಸಿಗುವುದಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ದೊಡ್ಡವ್ವನ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆಮೇಲೂ ವಾಕರ್ ಹಿಡಿದು ಹಾಸಿಗೆಯಿಂದ ಬಾಗಿಲ ತನಕ ಹೋಗುವುದೇ ದೊಡ್ಡ ಪ್ರಯಾಣ. ಅಣ್ಣನ ಮಗ, ಅವನ ಹೆಂಡತಿ ಇಬ್ಬರೂ ಬಜಾರಿನಲ್ಲಿ ಬಟ್ಟೆ ಹೊಲಿಯುವವರು. ಬೆಳಿಗ್ಗೆ ಎಬ್ಬಿಸಿ, ತೊಳೆದು, ಮಲಗಿಸಿ ಅಂಗಡಿಗೆ ಹೋದರೆ ಮಧ್ಯಾಹ್ನದವರೆಗೆ ಆಕೆ ಹಾಗೇ. ಅವರಿಬ್ಬರ ಸೊಂಟವೂ ಹಿಡಿದುಕೊಂಡಿತು. ಆಶ್ರಮದ ಮಾತು ತೆಗೆಯಲು ಅವನಿಗೆ ಬಾಯಿ ಬಾರದೆ, ನನ್ನನ್ನು ಕರೆಸಿ ಬಾಗಿಲ ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಒಳಗಿನಿಂದ ದನಿ ಬಂತು.

"ಅಳಾಕ ಏನಾಗೇತಲೇ? ಹೋಗ್ತೀನಿ. ಆದ್ರ ಮನಿ ನಾನ ನೋಡ್ತೀನಿ. ಊರ ಹೆಣ್ಮಕ್ಕಳಿಗೆಲ್ಲ ನೋಡಿದಾಕಿ, ನನಗ ನೋಡ್ಕೊಳ್ಳಾಕ ಬರಂಗಿಲ್ಲೇನು?"

ಹೀಗೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಆಕೆ, ಆಕೆಯ ಪಕ್ಕದಲ್ಲಿ ಮಡಚಿದ ವಾಕರ್. ನಾನೂ ಬರಿಗೈಲಿ ಹೊರಟಿರಲಿಲ್ಲ. ಏನೇನು ನೋಡಬೇಕೆಂದು ಡಾಕ್ಟರನ್ನು ಕೇಳಿಕೊಂಡಿದ್ದೆ, ಫೋನಿನಲ್ಲಿ ಓದಿಕೊಂಡಿದ್ದೆ. ರಾತ್ರಿ ಯಾರಿರುತ್ತಾರೆ, ಹಾಸಿಗೆ ಹುಣ್ಣಾಗದಂತೆ ಹೊರಳಿಸಿ ಮಲಗಿಸುತ್ತಾರೋ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೋ. ಹಡಗಲಿ ರಸ್ತೆಯ ಆಶ್ರಮದಲ್ಲಿ ಇವೆಲ್ಲಕ್ಕೂ ಒಳ್ಳೆಯ ಉತ್ತರ ಸಿಕ್ಕಿತು. ಬಿಳಿ ಹಾಸಿಗೆ, ಹೊಳೆಯುವ ಟೈಲ್ಸ್. ಹಿರಿಯರೆಲ್ಲ ವರಾಂಡದ ಕುರ್ಚಿಗಳಲ್ಲಿ ಸಾಲಾಗಿ ಕುಳಿತಿದ್ದರು. "ಯಾರನ್ನ ಬೇಕಾದ್ರೂ ಕೇಳ್ರಿ" ಎಂದು ಮ್ಯಾನೇಜರು ನಮ್ಮ ಹಿಂದೆಯೇ ನಿಂತರು. ದೊಡ್ಡವ್ವ ಒಬ್ಬ ಮುದುಕರನ್ನು ಹಿಡಿದಳು.

"ಏನ್ರಿ ಯಜಮಾನ್ರ, ಊಟ ಹೆಂಗೈತಿ?"

"ಚಲೋ ಐತ್ರಿ."

"ನಿದ್ದಿ?"

"ಚಲೋ ಐತ್ರಿ."

"ಸೊಳ್ಳಿ?"

"ಅವೂ ಚಲೋ ಅದಾವ್ರಿ."

ಈ ಕೊನೆಯ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆಂದರೆ, ಅದು ಅವರು ಹೇಳಿದ್ದೋ ನಾನು ಹುಟ್ಟಿಸಿದ್ದೋ ಈಗ ನನಗೇ ಅನುಮಾನ. ಅವರು ಪ್ರತಿ ಉತ್ತರಕ್ಕೂ ಮುಂಚೆ ನಮ್ಮ ತಲೆಯ ಮೇಲಿಂದ ಹಿಂದೆ ನಿಂತವರನ್ನು ನೋಡಿದ್ದು ಮಾತ್ರ ನಿಜ. ದೊಡ್ಡವ್ವನ ಚಹಾ ಆರಿತು.

ಕಾರಿನಲ್ಲಿ ಜಗಳವಾಯಿತು. "ರಾತ್ರಿ ನರ್ಸ್ ಇರ್ತಾಳ ದೊಡ್ಡವ್ವ. ಕಂಬಿ ಐತಿ. ವಾರಕ್ಕೊಮ್ಮೆ ಡಾಕ್ಟ್ರು ಬರ್ತಾರ. ಇನ್ನೇನು ಬೇಕು?"

"ಎಲ್ಲಾ ಐತವ್ವ. ಒಬ್ರರ ಇದು ಬ್ಯಾಡ ಅಂದಿದ್ದು ಕೇಳಿದೇನು?"

ಎರಡನೆಯದು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ. ಹಳೆಯ ಶೇಂಗಾ ಗೋದಾಮಿಗೆ ಅಡ್ಡಗೋಡೆ ಹಾಕಿ ಕೋಣೆ ಮಾಡಿದ್ದರು. ನಾವು ಒಳಗೆ ಕಾಲಿಟ್ಟಾಗ ಒಬ್ಬ ಮುದುಕಿ ತಟ್ಟೆ ಮುಂದೆ ಕುಳಿತು ಕೂಗುತ್ತಿದ್ದಳು: "ಇದು ಸಾರೋ, ಕೈ ತೊಳದ ನೀರೋ?" ಆಕೆಯ ಗದ್ದಕ್ಕೆ ಸೋರಿದ್ದನ್ನು ಒರೆಸುತ್ತ ಆಯಾ ಅದಕ್ಕಿಂತ ಜೋರಾಗಿ, "ಯಾ ಅಲ್ಲಾ! ನಿನ್ನಿ ಖಾರ ಅಂದಿ, ಇವತ್ತು ನೀರು ಅಂತಿ. ನಾಳಿ ನೀನ ಒಲಿ ಮುಂದ ಕೂಡು ಬಾ, ನಾನು ಇಲ್ಲಿ ಕುಂತು ತಿಂತೀನಿ" ಅಂದಳು. ಮುದುಕಿ ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ಮ್ಯಾನೇಜರು ಓಡಿ ಬಂದು ನಮ್ಮ ಕ್ಷಮೆ ಕೇಳುತ್ತಿದ್ದರು. ದೊಡ್ಡವ್ವ ಆಗಲೇ ಕುರ್ಚಿಯಲ್ಲಿ ಕುಳಿತು, "ಚಾ ಮಾಡಂಗಿಲ್ಲೇನ್ರಿ ನಿಮ್ಮಲ್ಲಿ?" ಅಂದಳು.

ನನಗೆ ಸಮಾಧಾನವಾಗಲಿಲ್ಲ. ರಾತ್ರಿ ಒಬ್ಬಳೇ ಆಯಾ. ಬಚ್ಚಲಲ್ಲಿ ಕಂಬಿ ಇಲ್ಲ. ಕಂಬಿ ಹಾಕಿಸುವ ತನಕ ಬಿಡುವುದಿಲ್ಲ ಎಂದು ನಾನು ಹಟ ಹಿಡಿದೆ. ಅದಕ್ಕೆ ಆಕೆಯೂ ಒಪ್ಪಿದಳು. ಕಂಬಿ ಬಂದ ಮೇಲೆ ಸೇರಿದಳು.

ಮೊದಮೊದಲು ನಾನು ಹೋದಾಗೆಲ್ಲ ದೂರುಗಳ ಮಳೆ. ರೊಟ್ಟಿ ಚರ್ಮ. ಸ್ನಾನದ ನೀರು ಒಮ್ಮೆ ಕುದಿ, ಒಮ್ಮೆ ಮಂಜು. ಆ ಆಯಾ ತಲೆ ಬಾಚುವುದೆಂದರೆ ಹೊಲ ಹರಗಿದ ಹಾಗೆ. ಆಯಾ ಅಲ್ಲೇ ನಿಂತು, "ನಿನ್ನ ತಲ್ಯಾಗ ಬಾಚಾಕ ಏನೈತಿ ಮುದುಕಿ, ನಾಕು ಕೂದಲ" ಅನ್ನುತ್ತಿದ್ದಳು. ಆಯಾ ಕೊಟ್ಟೂರಿನ ಮೆಕ್ಯಾನಿಕ್ ಒಬ್ಬರ ಹೆಂಡತಿ, ನನಗಿಂತ ಸ್ವಲ್ಪ ದೊಡ್ಡವಳು. ಇಬ್ಬರ ನಡುವೆ ಕುಳಿತು ನಾನು ನಿಶ್ಚಿಂತೆಯಿಂದ ಕಿತ್ತಳೆ ಸುಲಿಯುತ್ತಿದ್ದೆ.

ಒಂದು ದಿನ ಹೋದಾಗ ಕಟ್ಟಡ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಫ್ಯಾನಿನ ಕಿರುಗುಟ್ಟುವಿಕೆ ಕೇಳುತ್ತಿತ್ತು. "ಹೆಂಗದೀ ದೊಡ್ಡವ್ವ?" ಅಂದೆ.

"ಚಲೋ ನೋಡ್ಕೊಂತಾರವ್ವ," ಅಂದಳು.

ಏನೋ ನೆಪ ಹೇಳಿ ಆಕೆಯ ಬೆನ್ನು ನೋಡಿದೆ, ಹಿಮ್ಮಡಿ ನೋಡಿದೆ. ಹುಣ್ಣಿಲ್ಲ, ಕೆಂಪಿಲ್ಲ. ಉಗುರು ಕತ್ತರಿಸಿದ್ದರು. ಕುಡಿಯುವ ನೀರು ಕೈಗೆಟುಕುವಲ್ಲಿತ್ತು. ಹಾಸಿಗೆ ಪಕ್ಕದ ಗಂಟೆ ಒತ್ತಿದೆ, ಆಯಾ ಕೂಡಲೇ ಬಂದು ಬಾಗಿಲಲ್ಲಿ ನಿಂತು, "ಏನು ಬೇಕ್ರೀ ಅಮ್ಮಾರ?" ಅಂದಳು. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಏನೂ ಬೇಡವೆಂದು ಕೈಯಾಡಿಸಿದಳು. ಆಯಾ "ಆತ್ರೀ" ಎಂದು ಹೋದಳು.

ಅವಳು ಹೋದ ಮೇಲೆ ದೊಡ್ಡವ್ವ ಮೆಲ್ಲಗೆ ಹೇಳಿದಳು. "ನೋಡಿದೆಲ್ಲ. ಹೆಣಕ್ಕ ಯಾರೂ ಎದುರು ಮಾತಾಡಂಗಿಲ್ಲ."

ನಾನು ಮ್ಯಾನೇಜರ ಕೋಣೆಗೆ ಹೋದೆ. ಅವರಿಗೆ ಖುಷಿಯೋ ಖುಷಿ. "ಅವ್ರ ಅಣ್ಣನ ಮಗ ಫೋನ್ ಮಾಡಿದ್ರು ಮೇಡಂ. ನಮ್ಮ ಸೋದರತ್ತಿಗೆ ಆಯಾ ಎದುರು ಮಾತಾಡ್ತಾಳಂತ, ಭಾಳ ಬ್ಯಾಸರ ಮಾಡ್ಕೊಂಡ್ರು. ಅದಕ್ಕ ಎಲ್ಲಾರಿಗೂ ಹೇಳಿಬಿಟ್ಟೀನಿ, ಹಿರೇರಿಗೆ ಯಾರೂ ತಿರುಗಿ ಮಾತಾಡಂಗಿಲ್ಲ ಅಂತ. ಈಗ ನೋಡ್ರಿ, ಎಷ್ಟು ಶಾಂತ ಐತಿ!"

"ಮಾತಾಡ್ಲಿ ಬಿಡ್ರಿ," ಅಂದೆ.

"ಏನಂದ್ರಿ?"

"ಆಯಾ ಬೈಲಿ. ದೊಡ್ಡವ್ವನೂ ಬೈತಾಳ. ಮೊದಲಿನಂಗ ಇರ್ಲಿ."

"ನೀವು ಕಲಿಸೋರು ಮೇಡಂ, ತಮಾಷಿ ಮಾಡ್ತೀರಿ. ನಾಳಿ ಯಾರರ ವಿಡಿಯೋ ಮಾಡಿ ಹಾಕಿದ್ರ? ಬೈ ಅಂತ ಆಯಾಗೆ ನಾನ ಹೇಳಿದ್ದೆ ಅಂತ ನೀವು ಬಂದು ಹೇಳ್ತೀರೇನ್ರಿ?"

ಅವರ ಮಾತು ತಪ್ಪೆಂದು ಹೇಳಲು ನನಗಾಗಲಿಲ್ಲ, ಈಗಲೂ ಆಗುವುದಿಲ್ಲ. ಕೈಲಾಗದ ಹಿರಿಯರನ್ನು ಗದರಿಸುವ ಜಾಗಗಳೂ ಇರುತ್ತವೆ. ಆ ಗದರಿಕೆಗೂ ಈ ಜಗಳಕ್ಕೂ ಇರುವ ವ್ಯತ್ಯಾಸವನ್ನು ಯಾವ ಗೋಡೆಯ ಮೇಲೆ, ಯಾವ ನಿಯಮ ಮಾಡಿ ಬರೆಯಬೇಕು? ಅಣ್ಣನ ಮಗನಿಗೆ ಹೇಳಿದಾಗ ಅವನಿಗೂ ನೋವಾಯಿತು. "ನಾನು ಚಲೋದಕ್ಕ ಹೇಳಿದ್ದೆ ಅಕ್ಕಾರ. ಆಕಿ ದಿನಾ ದೂರು ಹೇಳ್ತಿದ್ಲು, ಹೆಂಗ ಸುಮ್ನಿರ್ಲಿ?" ಅವನು ಮತ್ತೆ ಫೋನ್ ಮಾಡಿ, ಹಾಗಲ್ಲ ಹೀಗೆ ಎಂದು ತಿಳಿಸಿ ಹೇಳಿದ. ಮ್ಯಾನೇಜರು ನಿಯಮ ತೆಗೆಯಲಿಲ್ಲ.

ಮುಂದೆ ಏನಾಯಿತೆಂಬುದರ ಬಗ್ಗೆ ನನ್ನ ಹತ್ತಿರ ಎರಡು ಕಥೆಗಳಿವೆ. ಆಯಾ ತಾನಾಗಿಯೇ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಂದು, "ಏನ ಮುದುಕಿ, ಬಾಯಿ ಬಿದ್ದು ಹೋತೇನು?" ಅಂದಳೆಂದು ದೊಡ್ಡವ್ವ ಹೇಳಿದಳು. ಆಯಾ ಹೇಳುವುದು ಬೇರೆ: ದೊಡ್ಡವ್ವನೇ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಇದರಲ್ಲಿ ಚಪ್ಪಲಿ ಹೊಲಿಸಬಹುದು ಅಂದಳಂತೆ. ಎರಡೂ ಒಟ್ಟಿಗೆ ನಿಜವಾಗಿರಲಾರವು. ನನಗೆ ಗೊತ್ತಿರುವುದು ಇಷ್ಟೆ. ಅದಾದ ಮೇಲೆ ಒಂದು ಭಾನುವಾರ ನಾನು ಹೋದಾಗ ಬಾಗಿಲು ಮುಂದೆ ಮಾಡಿತ್ತು. ಒಳಗೆ ಯಾರೋ ಗುಟ್ಟು ಹೇಳಿಕೊಳ್ಳುತ್ತಿರುವಂತೆ ಪಿಸುದನಿ. ಕಿವಿಗೊಟ್ಟು ಕೇಳಿದೆ.

"ಬಚ್ಚಲಾಗ ನನ್ನ ಮುಳುಗಿಸಿ ಕೊಲ್ಲಬೇಕಂತ ಮಾಡೀ ಏನಲೇ?"

"ನಿನ್ನ ಮುಳುಗಿಸಾಕ ಅಷ್ಟು ನೀರು ಯಾರು ಬಿಡ್ತಾರ? ಕಾಲೆತ್ತು."

ಮ್ಯಾನೇಜರಿಗೆ ಕೇಳಬಾರದೆಂದು ಇಬ್ಬರೂ ಪಿಸುಗುಟ್ಟಿ ಜಗಳವಾಡುತ್ತಿದ್ದರು. ನಾನು ಬಾಗಿಲು ತಟ್ಟಲಿಲ್ಲ. ವರಾಂಡದಲ್ಲಿ ಕುಳಿತು ಮುಗಿಯುವ ತನಕ ಕಾಯ್ದೆ. ಬಹಳ ಹೊತ್ತು ಮುಗಿಯಲಿಲ್ಲ.

ಕೊನೆಯ ತಿಂಗಳುಗಳಲ್ಲಿ ದೊಡ್ಡವ್ವನ ಮಾತು ನಿಂತಿತು. ಪಾರ್ಶ್ವವಾಯು ಎಂದರು ಡಾಕ್ಟರು. ಹೇಗಿದ್ದೀ ಎಂದು ಕೇಳಿದರೆ ಆಕೆ ನೋಡುತ್ತಿದ್ದಳು, ಅಷ್ಟೆ. ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ತಿಳಿಯಲು ಆಕೆಯ ಅಳತೆ ಆಕೆಯ ಮಾತಿನ ಜೊತೆಗೇ ಮುಗಿದಿತ್ತು. ನನಗೆ ಉಳಿದದ್ದು ಬೆನ್ನು, ಹಿಮ್ಮಡಿ, ಉಗುರು. ಹೋದಾಗೆಲ್ಲ ಅವನ್ನೇ ನೋಡಿ ಬರುತ್ತಿದ್ದೆ. ಆಕೆ ತೀರಿಕೊಂಡ ದಿನವೂ ಬೆನ್ನಿನ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಈ ಇಡೀ ಬರಹದಲ್ಲಿ ನಾನು ಆಣೆ ಮಾಡಿ ಹೇಳಬಲ್ಲ ಮಾತು ಬಹುಶಃ ಅದೊಂದೇ.

ಹೋದ ವಾರ ಆಸ್ಪತ್ರೆಯಿಂದ ಹೊರಟವಳು ಮನೆಗೆ ಹೋಗಲಾಗದೆ ಕೂಡ್ಲಿಗಿ ರಸ್ತೆಗೆ ಕಾರು ತಿರುಗಿಸಿದೆ. ಆಯಾ ಇನ್ನೂ ಅಲ್ಲೇ ಇದ್ದಾಳೆ. ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಹೊರಗೆ ಒಗೆದ ಚಾದರಗಳನ್ನು ಹಗ್ಗಕ್ಕೆ ಹರವುತ್ತ, ನಾನು ಕೇಳದೆಯೇ ಹೇಳಿದಳು.

"ಬಾಯಿ ನಿಂತ ಮ್ಯಾಲೆ ಆಕಿ ಮಾರಿ ನೋಡಾಕ ಆಗ್ತಿದ್ದಿಲ್ರಿ. ಅದಕ್ಕ ಆಕಿ ಬೈಯೋದೂ ನಾನ ಬೈತಿದ್ದೆ, ನಾನು ಬೈಯೋದೂ ನಾನ. ರೊಟ್ಟಿ ಚರ್ಮ ಆಗೇತಿ ಅಂತ ಆಕಿ ದನಿ ತಗದು ನಾನ ಅನ್ನಾಕಿ, ತಿರುಗಿ ನಾನ ಉತ್ತರ ಕೊಡಾಕಿ. ಆಕಿ ತುಟಿ ಹಿಂಗ ಅಲುಗ್ತಿತ್ರಿ."

ನಾನು ಅಲ್ಲಿರಲಿಲ್ಲ. ಅವಳು ಹೇಳಿದ್ದಷ್ಟೇ. ಯಾವ ನೆನಪನ್ನಾದರೂ ಎರಡು ಸಲ ತಿರುಗಿಸಿ ನೋಡುವ ನಾನು ಇದನ್ನು ತಿರುಗಿಸಿ ನೋಡಲು ಹೋಗಲಿಲ್ಲ.

"ಒಮ್ಮಿ ಮಾಡಿ ತೋರಸ್ತೀಯೇನವ್ವ?" ಅಂದೆ.

ಅವಳು ಆಚೀಚೆ ನೋಡಿ, ಒದ್ದೆ ಚಾದರವನ್ನು ತೋಳಿನ ಮೇಲೆ ಹಾಕಿಕೊಂಡು, ಗದ್ದ ಸ್ವಲ್ಪ ಮೇಲೆತ್ತಿದಳು. "ಎಷ್ಟು ದಿನ ಆತಲೇ ಬಂದು? ದಾರಿ ಮರತಿದ್ದೇನು, ಇಲ್ಲ ನಾನು ಸತ್ತೀನಂತ ಮಾಡಿದ್ದೇನು?"

ದೊಡ್ಡವ್ವನ ದನಿ ಹಾಗೇ ಇತ್ತು. ನನ್ನ ಮುಖ ನೋಡುತ್ತ ಅವಳು ಕಾದಳು. ಎದುರು ಮಾತು ಆಡಬೇಕಾದವಳು ಈಗ ನಾನು. ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ.