ಡಬ್ಲಿನ್ನಿಗೆ ಹೋಗಿ ವಾಪಸ್ ಬಂದ ಹೊದಿಕೆ

"ವಾಪಸ್ ಬಂತು ಮಾರಾಯ್ತಿ."

ಎರಡು ತಿಂಗಳ ಹಿಂದೆ ಇಂಗ್ಲೆಂಡಿನ ಲೆಸ್ಟರ್‌ನಿಂದ ಮರ್ಸಿ ಫೋನ್ ಮಾಡಿ ಹೇಳಿದ್ದು ಇಷ್ಟೇ. ಹಲೋ ಇಲ್ಲ, ಹೇಗಿದ್ದೀ ಇಲ್ಲ. ಶಾಲೆಯ ಬೆಂಚಿನಿಂದ ಶುರುವಾದ ಈ ಗೆಳೆತನದಲ್ಲಿ ಅವಳು ಹಲೋ ಹೇಳದೆ ಮಾತಿಗಿಳಿದದ್ದು ನನಗೆ ನೆನಪೇ ಇಲ್ಲ. (ಕಾನ್ವೆಂಟಿನಲ್ಲಿ ನಮಗೆ ಆಲ್ಜೀಬ್ರಾ ಬಂತೋ ಇಲ್ಲವೋ, ಮ್ಯಾನರ್ಸ್ ಮಾತ್ರ ಚೆನ್ನಾಗಿ ಅರೆದು ಕುಡಿಸಿದ್ದರು.)

"ಏನೇ ವಾಪಸ್ ಬಂದದ್ದು?" ಎಂದೆ.

"ಬ್ಲಾಂಕೆಟ್. ನಮ್ಮ ಬ್ಲಾಂಕೆಟ್. ರೆನಿಟಾ ತೆಗೊಳ್ಳಲೇ ಇಲ್ಲ."

ನಾನು ಅಬುಧಾಬಿಯ ನಮ್ಮ ಮನೆಯ ಎಸಿ ರೂಮಿನಲ್ಲಿ ಕುಳಿತಿದ್ದವಳು ಎದ್ದು ನಿಂತೆ.

ರೆನಿಟಾ ಯಾರು ಎಂದು ಹೇಳಬೇಕು. ಮರ್ಸಿಯ ಮೊಮ್ಮಗಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವಳನ್ನು ಎತ್ತಿ ಆಡಿಸಿ, ಜಡೆ ಹಾಕಿ, ಸ್ಕೂಲಿಗೆ ಬಿಟ್ಟು ಬಂದವಳು ಮರ್ಸಿಯೇ. ಮದುವೆಯಾದ ಮೇಲೆ ಆ ಹುಡುಗಿ ಐರ್ಲೆಂಡಿನ ಡಬ್ಲಿನ್ನಿಗೆ ಹೋದಳು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಈ ವರ್ಷ ಅವಳಿಗೊಂದು ಹೆಣ್ಣು ಮಗು. ಮರ್ಸಿ ಮುತ್ತಜ್ಜಿಯಾದಳು!

ಆ ಮಗುವಿಗೆಂದೇ ನಾವಿಬ್ಬರೂ ಸೇರಿ ಉಲ್ಲನ್ ಹೊದಿಕೆ ಹೆಣೆದೆವು. ಅರ್ಧ ಚೌಕಗಳು ಅವಳದು, ಅರ್ಧ ನನ್ನದು, ಕೊನೆಗೆ ಎಲ್ಲ ಜೋಡಿಸುವುದು. ಇದು ನಮ್ಮ ಮಂಗಳೂರಿನ ಶಾಲೆಯ ಪದ್ಧತಿ. ನೀಡಲ್‌ವರ್ಕ್ ಕ್ಲಾಸಿನ ಸಿಸ್ಟರ್ ಒಂದು ಬೆಂಚಿನ ಇಬ್ಬರಿಗೂ ಸೇರಿಸಿ ಒಂದೇ ಕೆಲಸ ಕೊಡುತ್ತಿದ್ದರು. ಒಬ್ಬಳು ಜಂಬ ಕೊಚ್ಚಿಕೊಳ್ಳಬಾರದು, ಇನ್ನೊಬ್ಬಳು ಅಳಬಾರದು. ಮೈಸೂರಿನಿಂದ ಅಪ್ಪನ ಬ್ಯಾಂಕ್ ಟ್ರಾನ್ಸ್‌ಫರಿನ ದೆಸೆಯಿಂದ ಅಲ್ಲಿಗೆ ಬಂದು ಬಿದ್ದ ನನಗೆ ಬೆಂಚಿನಲ್ಲಿ ಸಿಕ್ಕವಳು ಮರ್ಸಿ. ಅಂದಿನಿಂದ ನಮ್ಮಿಬ್ಬರ ಎಲ್ಲ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೀಗೇ, ಜಂಟಿ ಹೆಣಿಗೆ.

ಅಬುಧಾಬಿಯ ಬೇಸಿಗೆಯಲ್ಲಿ ಕುಳಿತು ಉಲ್ಲನ್ ಹೆಣೆಯುವ ಹೆಂಗಸನ್ನು ನೀವು ಕಂಡಿದ್ದೀರಾ? ನನ್ನ ಮಗಳು ವಿದ್ಯಾ ದಿನಾ ಕಾಣುತ್ತಾಳೆ. "ಅಮ್ಮಾ, ನೋಡಿದ್ರೇ ಬೆವರು ಬರತ್ತೆ" ಅನ್ನುತ್ತಾಳೆ. ಆದರೂ ಪಾಪ, ದುಬೈಯ ಅಲ್ ಕೂಜ್‌ನ ಗೋದಾಮಿನಂಥ ಒಂದು ಅಂಗಡಿಯಲ್ಲಿ ಒಳ್ಳೆಯ ಉಲ್ಲನ್ ಸಿಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ರಜೆಯ ದಿನ ಕಾರಿನಲ್ಲಿ ಕರೆದುಕೊಂಡು ಹೋದಳು. ತಿಳಿ ಹಳದಿ ತಂದೆವು. ಮರ್ಸಿಯದು ಬಿಳಿ.

ಈ ಸಲ ಆ ಹೊದಿಕೆಗೆ ಬೇರೆಯೇ ತೂಕವಿತ್ತು. ಮರ್ಸಿಯ ಕಣ್ಣು ಹೋಗುತ್ತಿದೆ. ದೃಷ್ಟಿಯ ನಡುಭಾಗ ಮಸುಕು, ಅಂಚು ಮಾತ್ರ ಕಾಣುತ್ತದಂತೆ. "ಇದೇ ಲಾಸ್ಟ್ ಸುಮಾ. ಇದಾದ ಮೇಲೆ ಕಡ್ಡಿ ಕೆಳಗಿಡ್ತೇನೆ" ಎಂದು ಮೊದಲೇ ಹೇಳಿದ್ದಳು.

ಸರಿ, ನನ್ನ ಪಾಲಿನ ಚೌಕಗಳನ್ನು ಮರ್ಸಿಗೆ ಕಳಿಸಬೇಕಲ್ಲ. ನಾವು ಗಲ್ಫ್‌ನವರು ಸಾಮಾನ್ಯವಾಗಿ ಪೋಸ್ಟಿನ ಮುಖ ನೋಡುವವರಲ್ಲ. ನಮ್ಮ ಪೋಸ್ಟ್ ಆಫೀಸ್ ಎಂದರೆ "ಯಾರಾದರೂ ಹೋಗುವವರಿದ್ದಾರಾ?" ಎಂಬ ಒಂದು ಪ್ರಶ್ನೆ. ಮಂಗಳೂರಿಗಾದರೆ ವಾರಕ್ಕೊಬ್ಬರು ಸಿಗುತ್ತಾರೆ. ಲೆಸ್ಟರ್‌ಗೆ ಯಾರೂ ಸಿಗಲಿಲ್ಲ. ಪೋಸ್ಟಿಗೇ ಹೋದೆ.

ಕೌಂಟರಿನ ಹುಡುಗಿ ಕೇಳಿದಳು: "ವ್ಯಾಲ್ಯೂ, ಮ್ಯಾಡಮ್?"

ನಾನು ಏನು ಹೇಳಲಿ? ಕೈಯಲ್ಲಿ ಹೆಣೆದದ್ದು, ಮಾರಾಟಕ್ಕಲ್ಲ ಎಂದೆ. ಅವಳು ನಕ್ಕು, "ಗಿಫ್ಟ್, ಟೆನ್ ದಿರ್ಹಮ್ಸ್" ಎಂದು ಬರೆದೇಬಿಟ್ಟಳು. ಹತ್ತು ದಿರ್ಹಮಿಗೆ ಈಗ ಒಂದು ಮಸಾಲೆ ದೋಸೆಯೂ ಸರಿಯಾಗಿ ಬರುವುದಿಲ್ಲ! ಮನೆಗೆ ಬಂದವಳೇ ಮರ್ಸಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ಇನ್ಸಲ್ಟ್! ನಾನು ಡಬ್ಲಿನ್ನಿಗೆ ಕಳಿಸುವಾಗ ಹಾಗೆ ಬರೀಲಿಕ್ಕೆ ಬಿಡ್ತೇನಾ ನೋಡು."

ಬಿಡಲಿಲ್ಲ. ಹತ್ತು ದಿರ್ಹಮಿನ ನನ್ನ ಪಾರ್ಸೆಲ್ ಯಾವ ತಕರಾರೂ ಇಲ್ಲದೆ ಲೆಸ್ಟರ್ ಸೇರಿತು. ಮರ್ಸಿ ಭೂತಗನ್ನಡಿ ಹಿಡಿದು ಎಲ್ಲ ಚೌಕಗಳನ್ನೂ ಜೋಡಿಸಿದಳು. ("ನಿನ್ನದು ಇಡ್ಲಿ ಹಾಗೆ ಉಬ್ಬಿದೆ" ಎಂದು ಬೈದಳು. ಅವಳದು ನೀರುದೋಸೆಯಂತೆ ಬಿಗಿ, ಚಪ್ಪಟೆ.) ಪೋಸ್ಟಿಗೆ ಹೋಗಿ, ಎದೆ ಉಬ್ಬಿಸಿ, ವ್ಯಾಲ್ಯೂ ಎಂಬಲ್ಲಿ ಇನ್ನೂರು ಪೌಂಡ್ ಎಂದು ಬರೆಸಿದಳು.

ಮೊದಲಾಗಿದ್ದರೆ ಏನು ಬರೆದಿದ್ದರೂ ನಡೆಯುತ್ತಿತ್ತು. ಇಂಗ್ಲೆಂಡಿನಿಂದ ಐರ್ಲೆಂಡಿಗೆ ಪಾರ್ಸೆಲ್ ಕಳಿಸುವುದೆಂದರೆ ಮೈಸೂರಿನಿಂದ ಮಂಡ್ಯಕ್ಕೆ ಕಳಿಸಿದ ಹಾಗೆ. ಆದರೆ ಬ್ರೆಕ್ಸಿಟ್ ಆಯಿತಲ್ಲ! ಇಂಗ್ಲೆಂಡ್ ಯುರೋಪಿಯನ್ ಯೂನಿಯನ್ ಎಂಬ ಒಟ್ಟು ಕುಟುಂಬ ಬಿಟ್ಟು ಬೇರೆ ಮನೆ ಮಾಡಿತು. ಐರ್ಲೆಂಡ್ ದೊಡ್ಡ ಮನೆಯಲ್ಲೇ ಉಳಿಯಿತು. ಅಣ್ಣತಮ್ಮಂದಿರು ಪಾಲಾದ ಮೇಲೆ ಏನಾಗುತ್ತದೆ? ಮೊನ್ನೆಯವರೆಗೆ ಹಿತ್ತಲಲ್ಲಿ ಕೈಚಾಚಿ ಕೊಡುತ್ತಿದ್ದ ಸಾರಿನ ಬಟ್ಟಲು ಈಗ ರಸ್ತೆ ಸುತ್ತಿ ಮುಂಬಾಗಿಲಿಗೆ ಬರಬೇಕು. ಬಂದ ಮೇಲೂ "ಇದರೊಳಗೆ ಏನಿದೆ, ಎಷ್ಟರದು?" ಎಂಬ ವಿಚಾರಣೆ, ಎಷ್ಟರದೋ ಅದಕ್ಕೆ ತಕ್ಕ ತೆರಿಗೆ.

ತೆರಿಗೆಯಾದರೂ ಅರ್ಥವಾಗುತ್ತದೆ. ಅದರ ಮೇಲೊಂದು ಹ್ಯಾಂಡ್ಲಿಂಗ್ ಫೀ ಹಾಕುತ್ತಾರಲ್ಲ, ಅದೇನು? ತೆರಿಗೆ ವಸೂಲಿ ಮಾಡಿದ ಶ್ರಮಕ್ಕೆ ಕೂಲಿ! ಮನೆಗೆ ಬಂದ ನೆಂಟ ಉಂಡು ಕೈತೊಳೆದು, "ಇಷ್ಟು ಹೊತ್ತು ಅಗಿದೆನಲ್ಲ, ಅದಕ್ಕೇನಾದರೂ ಕೊಡಿ" ಎಂದ ಹಾಗೆ. ಅದನ್ನೂ ಕಳಿಸಿದವರು ಕೊಡುವುದಲ್ಲ, ತೆಗೆದುಕೊಳ್ಳುವವರು ಕೊಡಬೇಕು. ಬಾಣಂತಿಗೆ ಉಡುಗೊರೆ ಕೊಟ್ಟು ಅವಳಿಂದಲೇ ದುಡ್ಡು ಕೀಳುವುದೇ? ಯಾವ ಊರಿನ ಪದ್ಧತಿ ಇದು?

ಏನೇ ಇರಲಿ, ಡಬ್ಲಿನ್ನಿನಲ್ಲಿ ಆ ದುಡ್ಡು ಕಟ್ಟಿದವರಿಲ್ಲ. ಪಾರ್ಸೆಲ್ ಕೆಲವು ದಿನ ಕಾದು, "ಚಾರ್ಜಸ್ ನಾಟ್ ಪೇಡ್" ಎಂಬ ಚೀಟಿ ಅಂಟಿಸಿಕೊಂಡು ಲೆಸ್ಟರ್‌ಗೆ ಮರಳಿತು. ಮರ್ಸಿ ಆ ಚೀಟಿಯನ್ನೂ ಭೂತಗನ್ನಡಿಯಲ್ಲೇ ಓದಿದಳು.

"ನಾಲ್ಕು ಕಾಸು ಕೊಟ್ಟು ಬಿಡಿಸಿಕೊಳ್ಳಲಿಕ್ಕೆ ಆಗಲಿಲ್ಲ ಅವಳಿಗೆ" ಎಂದಳು ಫೋನಿನಲ್ಲಿ. "ಬೇಡ ಅಂದ್ರೆ ಬೇಡ. ನೀನು ಅವಳಿಗೆ ಫೋನ್ ಗೀನ್ ಮಾಡಬೇಡ, ಪ್ರಾಮಿಸ್ ಮಾಡು. ಕೊಟ್ಟದ್ದನ್ನು 'ಬಂತಾ, ಇಷ್ಟ ಆಯ್ತಾ' ಅಂತ ಕೇಳುವುದು ನಮ್ಮಲ್ಲಿಲ್ಲ."

ಮಾತು ಕೊಟ್ಟೆ. ಹೊದಿಕೆ ಅವಳ ಕಪಾಟಿನ ಮೇಲಿನ ಅರೆಗೆ ಹೋಯಿತು. ಮಗನಿಗೂ ಹೇಳಲಿಲ್ಲವಂತೆ.

ಆ ವಾರ ನನ್ನ ಮುಖ ನೋಡಿದವಳು ಫೌಜಿಯಾ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ವಿಲ್ಲಾದವಳು. ಭಟ್ಕಳದವರು, ಗಂಡನದು ರೆಡಿಮೇಡ್ ಬಟ್ಟೆಯ ವ್ಯಾಪಾರ. ಅವರ ಮನೆಯಲ್ಲಿ ಊಟಕ್ಕೆ ಕುಳಿತರೆ ಉಪ್ಪಿನಕಾಯಿಯ ಜೊತೆ ಕಸ್ಟಮ್ಸ್ ಮಾತೂ ಬಡಿಸುತ್ತಾರೆ.

"ಎಂತ ಆಂಟಿ, ಮುಖ ಹಾಲು ಒಡೆದ ಹಾಗೆ ಉಂಟಲ್ಲ?"

ಕಥೆ ಹೇಳಿದೆ. ಅವಳು ಮೊದಲು ಕೇಳಿದ್ದು, "ಎಷ್ಟು ಬರೆದಿದ್ರು ಅವ್ರು?"

"ಇನ್ನೂರು ಪೌಂಡ್."

ಫೌಜಿಯಾ ಚಹಾದ ಕಪ್ ಕೆಳಗಿಟ್ಟಳು. "ಯಾ ಅಲ್ಲಾ! ಉಲ್ಲನ್ನಿಗಾ, ಬಂಗಾರಕ್ಕಾ?"

"ಪ್ರೀತಿಗೆ ಕಣಮ್ಮ" ಎಂದೆ ಸ್ವಲ್ಪ ಬಿರುಸಾಗಿಯೇ.

"ಪ್ರೀತಿ ಪಾರ್ಸೆಲ್ ಒಳಗೆ ಇಡ್ಬೇಕು ಆಂಟಿ, ಮೇಲೆ ಬರೀಬಾರ್ದು! ಮನೆಯವ್ರು ಮನೆಯವ್ರಿಗೆ ಕಳಿಸೋ ಸಣ್ಣ ಗಿಫ್ಟಿಗೆ ಅಲ್ಲಿ ಟ್ಯಾಕ್ಸ್ ಇಲ್ಲ. ಉಲ್ಲನ್ನಿಗೆ ಎಷ್ಟಾಯ್ತೋ ಅಷ್ಟು ಬರೆದಿದ್ರೆ ಖಲಾಸ್, ಸೀದಾ ಹೋಗ್ತಿತ್ತು." ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು. "ಪಾರ್ಸೆಲ್ ಬರ್ತದೆ ಅಂತ ಆ ಹುಡುಗಿಗೆ ಗೊತ್ತಿತ್ತಾ?"

"ಇಲ್ಲ. ಸರ್‌ಪ್ರೈಸ್."

"ಹಾಗಾದ್ರೆ ಅವಳು ಬೇಡ ಅಂದದ್ದು ಅಜ್ಜಿಗಲ್ಲ ಆಂಟಿ, ಕಳ್ಳನಿಗೆ!"

ನನಗೆ ಅರ್ಥವಾಗಲಿಲ್ಲ. ಅವಳು ನನ್ನದೇ ಫೋನ್ ಎತ್ತಿ ನನಗೇ ತೋರಿಸಿದಳು. 'ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಇಲ್ಲಿ ಒತ್ತಿ ಹಣ ಕಟ್ಟಿ.' ಇಂಥ ಮೆಸೇಜ್ ನಿಮಗೂ ಬರುತ್ತದಲ್ಲವೇ? ನನಗೆ ವಾರಕ್ಕೊಂದಾದರೂ ಬರುತ್ತದೆ. ಎಲ್ಲ ಮೋಸ. ಮುಟ್ಟಿದರೆ ಬ್ಯಾಂಕ್ ಖಾತೆ ಗುಡಿಸಿ ಹಾಕುತ್ತಾರೆ. ವಿದ್ಯಾಳ ಕಟ್ಟಪ್ಪಣೆ: "ಪಾರ್ಸೆಲ್ ಅಂತ ಬಂದ್ರೆ ಡಿಲೀಟ್, ಅಮ್ಮ." ನಾನು ಕಣ್ಣು ಮುಚ್ಚಿ ಡಿಲೀಟ್ ಮಾಡುವವಳು. ರೆನಿಟಾ ಯಾಕೆ ಮಾಡಿರಬಾರದು?

ಅಂದೇ ಮರ್ಸಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ನೀನು ನನ್ನ ಸಮಾಧಾನಕ್ಕೆ ಹೇಳುವುದು. ನೀನು ಶಾಲೆಯಲ್ಲೂ ಹಾಗೇ."

"ಹಾಗಾದ್ರೆ ನೀನೇ ರೆನಿಟಾಳನ್ನ ಒಂದು ಮಾತು ಕೇಳು."

"ನಾನಾ? ನೆವರ್."

"ನೀವೇ ಕೇಳಿಬಿಡಿ ಆಂಟಿ" ಎಂದಳು ಮರುದಿನ ಇದನ್ನೆಲ್ಲ ಕೇಳಿದ ಫೌಜಿಯಾ.

"ಮಾತು ಕೊಟ್ಟಿದ್ದೀನಲ್ಲಮ್ಮ."

"ನಾನು ಯಾರಿಗೂ ಕೊಟ್ಟಿಲ್ಲ. ಬರುವ ತಿಂಗಳು ನಾವು ಇಂಗ್ಲೆಂಡಿಗೆ ಹೋಗ್ತಾ ಇದ್ದೇವೆ, ಅಲ್ಲಿಂದ ನಮ್ಮೆಜಮಾನ್ರಿಗೆ ಡಬ್ಲಿನ್ನಲ್ಲೂ ವ್ಯಾಪಾರದ ಎರಡು ಪಾರ್ಟಿ ನೋಡ್ಲಿಕ್ಕುಂಟು. ನಾನೇ ತೆಗೊಂಡು ಹೋಗ್ತೇನೆ."

ಹೋಗುವವರು ಪಕ್ಕದ ಮನೆಯಲ್ಲೇ ಇದ್ದರು!

ಫೌಜಿಯಾ ಲೆಸ್ಟರ್‌ನಲ್ಲಿ ಮರ್ಸಿಯ ಬಾಗಿಲು ತಟ್ಟಿದ ದಿನ ನಾನು ವಿಡಿಯೋ ಕಾಲಿನಲ್ಲಿದ್ದೆ. ಮರ್ಸಿ ಚಹಾ ಕೊಟ್ಟಳು, ಕೇಕ್ ಕೊಟ್ಟಳು, ಹೊದಿಕೆ ಮಾತ್ರ ಕೊಡಲೊಲ್ಲಳು.

"ಬೇಡ ಅಂದವರ ಮನೆಗೆ ಮತ್ತೆ ಕಳಿಸುವುದಾ? ನನಗೂ ಮರ್ಯಾದೆ ಉಂಟು."

"ಬೇಡ ಅಂದದ್ದು ಪೋಸ್ಟಿನವರ ಚೀಟಿ, ನಿಮ್ಮ ಹುಡುಗಿ ಅಲ್ಲ" ಎಂದಳು ಫೌಜಿಯಾ. "ಅವಳು ನನ್ನ ಮುಖ ನೋಡಿ ಬೇಡ ಅನ್ನಲಿ. ಅಂದ್ರೆ ನಾನೇ ವಾಪಸ್ ತಂದು ನಿಮ್ಮ ಕೈಯಲ್ಲಿ ಕೊಡ್ತೇನೆ. ವ್ಯಾಪಾರದವರ ಮನೆ ಸೊಸೆ ನಾನು, ಬರಿಗೈಯಲ್ಲಿ ವ್ಯಾಪಾರ ಮುಗಿಸಿ ಅಭ್ಯಾಸ ಇಲ್ಲ. ಯಲ್ಲಾ, ತನ್ನಿ ಆಂಟಿ."

ಮರ್ಸಿ ನಕ್ಕಳು. ತುಂಬ ದಿನದ ಮೇಲೆ ಅವಳ ನಗು ಕೇಳಿದೆ. ಆಮೇಲೆ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋದಳು. ಬರುವಾಗ ಹೊದಿಕೆಯನ್ನು ಮಗುವನ್ನು ಎತ್ತಿಕೊಂಡಂತೆ ಹೆಗಲಿಗೆ ಹಾಕಿಕೊಂಡಿದ್ದಳು.

ಡಬ್ಲಿನ್ ಏರ್‌ಪೋರ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಪ್ರಯಾಣಿಕರು ಕೈಯಲ್ಲಿ ಒಯ್ಯುವ ಇಂಥ ಗಿಫ್ಟಿಗೆ ರಿಯಾಯಿತಿ ಇದೆಯಂತೆ. ಫೌಜಿಯಾ ಎಲ್ಲ ವಿಚಾರಿಸಿಕೊಂಡೇ ಹೊರಟಿದ್ದಳು.

ಹೋದ ವಾರ ಶನಿವಾರ ರೆನಿಟಾಳ ಮನೆಯಿಂದಲೇ ಫೌಜಿಯಾ ಫೋನ್ ಮಾಡಿ ಅವಳ ಕೈಗೆ ಕೊಟ್ಟಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷ್. "ಐ ಥಾಟ್ ಇಟ್ ವಾಸ್ ಎ ಸ್ಕ್ಯಾಮ್, ಆಂಟಿ!" ಎಂದು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಮೆಸೇಜ್ ಬಂದಿತ್ತಂತೆ, ಮತ್ತೆ ಮತ್ತೆ ಬಂದಿತ್ತಂತೆ, ಬ್ಲಾಕ್ ಮಾಡಿದಳಂತೆ. ಆಸ್ಪತ್ರೆಗೆ ಬರುವ ವಯಸ್ಸಾದವರಿಗೆಲ್ಲ "ಕ್ಲಿಕ್ ಮಾಡಬೇಡಿ" ಎಂದು ಬುದ್ಧಿ ಹೇಳುವವಳೇ ಅವಳು!

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಗು ಹುಟ್ಟಿದಾಗಿನಿಂದ ಗ್ರಾನಿ ಏನೂ ಕಳಿಸಿರಲಿಲ್ಲ. ಆಮೇಲಾಮೇಲೆ ಮಾತೂ ಕಡಿಮೆ ಮಾಡಿದಳು. ತನ್ನ ಮೇಲೆ ಏನೋ ಬೇಸರವಿರಬೇಕು, ಕೇಳಿದರೆ ಇನ್ನಷ್ಟು ನೋಯಬಹುದು ಎಂದು ತಾನೂ ಸುಮ್ಮನಾದಳಂತೆ.

ನೋಡಿದಿರಾ? ಅಲ್ಲಿ ಅಜ್ಜಿ, ಇಲ್ಲಿ ಮೊಮ್ಮಗಳು. ಇಬ್ಬರ ನಡುವೆ ಸಣ್ಣದೊಂದು ಸಮುದ್ರ. ಇಬ್ಬರ ಕೈಯಲ್ಲೂ ಫೋನ್. ಒಬ್ಬಳ ಸಂಕೋಚ ಇನ್ನೊಬ್ಬಳಿಗೆ ಸಿಟ್ಟಾಗಿ ಕಂಡಿತು. ಬ್ರೆಕ್ಸಿಟ್‌ನವರನ್ನು ಬೈಯುವುದು ಸುಲಭ, ನಾನೂ ಮೇಲೆ ಸಾಕಷ್ಟು ಬೈದಿದ್ದೇನೆ. ಆದರೆ ಅವರು ತಡೆದದ್ದು ಪಾರ್ಸೆಲ್ ಒಂದನ್ನೇ. ಮಿಕ್ಕದ್ದನ್ನು ತಡೆದವರು ಯಾರು?

ನಿನ್ನೆ ಮರ್ಸಿ ಫೋನ್ ಮಾಡಿದಳು. ಹಲೋ ಹೇಳಿದಳು, ಹೇಗಿದ್ದೀ ಎಂದಳು, ನನ್ನ ಮಂಡಿನೋವಿನ ಯೋಗಕ್ಷೇಮವನ್ನೂ ಕೇಳಿದಳು. ಆಮೇಲೆ ವಿಷಯ. ರೆನಿಟಾ ಈಗ ದಿನಾ ಸಂಜೆ ವಿಡಿಯೋದಲ್ಲಿ ಬರುತ್ತಾಳಂತೆ. ಮಗು ಹಳದಿ ಬಿಳಿ ಹೊದಿಕೆಯಲ್ಲಿ ಮಲಗಿದ ಮೇಲೆ ಅಜ್ಜಿಯಿಂದ ಹೆಣಿಗೆ ಕಲಿಯುತ್ತಿದ್ದಾಳಂತೆ.

"ನಿನಗೆ ಕಾಣುವುದೇ ಇಲ್ಲವಲ್ಲೇ, ಹೇಗೆ ಕಲಿಸ್ತೀಯಾ?" ಎಂದೆ.

"ಕಡ್ಡಿಯ ಶಬ್ದ ಕೇಳ್ತದಲ್ಲ. ತಪ್ಪಿದ್ರೆ ಗೊತ್ತಾಗ್ತದೆ. ಕ್ರಿಸ್‌ಮಸ್ಸಿಗೆ ಬಾ ಅಂದಿದ್ದಾಳೆ, ಟಿಕೆಟ್ ಅವಳೇ ಮಾಡ್ತಾಳಂತೆ. ನೀನೂ ಬಾ ಸುಮಾ."

ವಿದ್ಯಾ ಆಗಲೇ ವೀಸಾ ವಿಚಾರಿಸುತ್ತಿದ್ದಾಳೆ. ಹೋಗುತ್ತೇನೋ ಇಲ್ಲವೋ, ನನ್ನ ಮಂಡಿ ತೀರ್ಮಾನಿಸಬೇಕು.

ಪೋಸ್ಟಿನಲ್ಲಿ ಬರುವ ಪೆಟ್ಟಿಗೆಗೆ ದೇಶಗಳು ಸುಂಕ ಹಾಕಲಿ, ಆ ಸುಂಕದ ಮೇಲೆ ಫೀಯನ್ನೂ ಹಾಕಲಿ, ನಮ್ಮವರಿಗೆ ಫೋನ್ ಮಾಡಿ "ಯಾಕೆ ಸುಮ್ಮನಿದ್ದೀ?" ಎಂದು ಕೇಳುವುದಕ್ಕೆ ಇದುವರೆಗೆ ಯಾವ ದೇಶ ಸುಂಕ ಹಾಕಿದೆ, ಹೇಳಿ?