ರಾಶಿ ಮೋಡದ ಅಕ್ಕೋರು

ನಮ್ಮ ಅಕ್ಕೋರ ಕುಂಕುಮದ ಮೇಲೆ ಸದಾ ಸೀಮೆಸುಣ್ಣದ ಬಿಳಿ ಗೀರು ಇರುತ್ತಿತ್ತು. ಪಾಠದ ನಡುವೆಯೇ ಅಂಗಳಕ್ಕೆ ಬಂದು, ಸುಣ್ಣ ಮೆತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದು ಮುಗಿಲು ನೋಡುವುದು ಅವರ ಚಾಳಿ. ಬನಹಟ್ಟಿಯ ನೇಕಾರರ ಮನೆಯವರು. ಮಗ್ಗದ ಸಪ್ಪಳದಲ್ಲಿ ಬೆಳೆದದ್ದಕ್ಕೋ ಏನೋ, ಮೆತ್ತಗೆ ಮಾತಾಡುವುದು ಗೊತ್ತೇ ಇರಲಿಲ್ಲ. ಹುನ್ನೂರಿನ ನಮ್ಮ ಶಾಲೆಯಲ್ಲಿ ಅವರು ಏಳನೆಯವರಿಗೆ ಭೂಗೋಳ ಹೇಳಿದರೆ ಐದನೆಯವರಿಗೂ ಪಾಠವಾಗುತ್ತಿತ್ತು.

ಒಮ್ಮೆ 'ರಾಶಿ ಮೋಡ' ಎಂದರೇನು ಎಂದು ಕೇಳಿದರು. ಬಾಯಿಬಡುಕಿ ನಾನು, ಯಾರಿಗೂ ಬಿಡದೆ ಎದ್ದು ನಿಂತೆ.

"ಹೊಲದಾಗ ರಾಶಿ ಮಾಡೂಮುಂದ ಬರೂ ಮೋಡರೀ."

ನಮ್ಮ ಕಡೆ ರಾಶಿ ಎಂದರೆ ತೆನೆ ಒಕ್ಕಿ ಕಾಳು ಮಾಡುವ ಸುಗ್ಗಿ ಕೆಲಸ. ನನಗೆ ಬೇರೆ ಅರ್ಥ ಎಲ್ಲಿಂದ ಹೊಳೆಯಬೇಕು? ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ತಪ್ಪೈತಿ. ಆದ್ರ ಖರೆನೂ ಐತಿ" ಎಂದು ಎಲ್ಲರನ್ನೂ ಅಂಗಳಕ್ಕೆ ಕರೆತಂದರು. ಕಾಳಿನ ಗುಡ್ಡೆಯಂತೆ ಮೇಲಕ್ಕೆ ಬೆಳೆಯುವುದಕ್ಕೇ ಅದು ರಾಶಿ ಮೋಡವಂತೆ. ಗಿಡ್ಡಾಗಿ ತೇಲುತ್ತಿದ್ದರೆ ಅದರಿಂದ ಏನೂ ಇಲ್ಲ. ಸುಗ್ಗಿಯ ಹೊತ್ತಿಗೆ ಬಿಸಿಲೇರಿ, ಆ ಕಾವಿಗೆ ಗೋಬಿಯಂತೆ ಉಬ್ಬುತ್ತ ಏರಿದರೆ ಮಳೆ ಬಂದೀತು. ಇನ್ನೂ ಏರಿ, ಬುಡ ಕಪ್ಪಾಗಿ, ತಲೆ ಚಪ್ಪಟೆಯಾಗಿ ಹರಡಿತೋ, ಬಿರುಗಾಳಿ, ಸಿಡಿಲು, ಆಣೆಕಲ್ಲು ಎಲ್ಲ ಅದರ ಹೊಟ್ಟೆಯಲ್ಲಿದೆ.

"ತಲಿ ಸಪಾಟ್ ಆತಂದ್ರ ಗಿಡದ ಬುಡಕ ನಿಂದರಬ್ಯಾಡ್ರಿ, ಮನಿ ಸೇರ್ರಿ." ಬೇಸಿಗೆಯಲ್ಲಿ ಇದನ್ನು ದಿನಾ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅದೇ ವರ್ಷ ನಮ್ಮ ಹೊಲದಲ್ಲಿ ಜೋಳದ ರಾಶಿ ನಡೆದಿತ್ತು. ಮಧ್ಯಾಹ್ನ ಜಮಖಂಡಿ ಕಡೆ ಎದ್ದ ಮೋಡದ ತಲೆ ನನ್ನ ಕಣ್ಣೆದುರೇ ಚಪ್ಪಟೆಯಾಯಿತು. ಗಾಳಿ ಬೀಸಿದ್ದೇ ತಡ, ಅಪ್ಪ ತೆನೆಗೆ ತಾಡಪತ್ರಿ ಹೊದಿಸಿ, ಆಳುಗಳನ್ನೆಲ್ಲ ಬೇವಿನ ಮರದ ಕೆಳಗೆ ಕರೆದ. ನಾನು ಅಕ್ಕೋರದೇ ದನಿ ತೆಗೆದು, ಅಲ್ಲಿ ನಿಲ್ಲಬೇಡಿ ಎಂದು ಕೂಗಿದೆ. ಅಪ್ಪ ಬೈದ. ಹೊಲ ಬಿಟ್ಟು ಮನೆಗೆ ಓಡುವುದು ಅವನಿಗೆ ಅವಮಾನ. ಧೋತರ ಹಿಡಿದು ಎಳೆದೆ, ಅತ್ತೆ, ಕಡೆಗೆ ಅಕ್ಕೋರು ಹೇಳಿದ್ದಾರೆ ಎಂದೆ. ಆ ಮಾತಿಗೆ ಮಣಿದ. ನಾವೆಲ್ಲ ಹೊಲದಂಚಿನ ಮನೆ ಸೇರಿ ಬಾಗಿಲು ಹಾಕುವಷ್ಟರಲ್ಲಿ ಸಿಡಿಲು ಬಡಿದು ಬೇವಿನ ಮರ ನಡುವೆ ಸೀಳಿತು. ಜೋಳ ಅರ್ಧ ತೊಯ್ದು ಕಪ್ಪಾಯಿತು.

ಮರುದಿನ ಅಪ್ಪನೇ ಶಾಲೆಗೆ ಬಂದು ಕೈಮುಗಿದ. ಅಕ್ಕೋರು ನನ್ನ ನೆತ್ತಿಯ ಮೇಲೆ ಸುಣ್ಣದ ಕೈಯಿಟ್ಟು, ಇಡೀ ಶಾಲೆಗೆ ಕೇಳುವಂತೆ, "ಇಕಿ ನನ್ನ ಹುಡುಗಿ" ಎಂದರು. ಆ ಸಂಜೆ ನಾನು ತಲೆ ಬಾಚಿಕೊಳ್ಳಲಿಲ್ಲ. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಅಂದಿನಿಂದ ನಮ್ಮ ರಾಶಿಯ ಮೊದಲ ಸೇರು ದೇವರಿಗೆ, ಎರಡನೆಯದು ಅಕ್ಕೋರಿಗೆ. ಹೋದ ವರ್ಷ ಅವರು ತೀರಿಕೊಂಡರು. ಈ ಸಲವೂ ಅಪ್ಪ ಎರಡನೆಯ ಸೇರು ಎತ್ತಿಟ್ಟಾಗ, ಅಕ್ಕೋರೇ ಇಲ್ಲವಲ್ಲ, ಇದು ಯಾರಿಗೆ ಎಂದೆ.

"ಅವತ್ತ ಗಿಡದ ಬುಡಕ ನಿಂತ ಮಂದಿ ಎಲ್ಲಾರೂ ಇನ್ನೂ ಉಣ್ಣಾಕತ್ತಾರ" ಎಂದ ಅಪ್ಪ. "ಅಕ್ಕೋರ ಪಾಲು ಹೆಂಗ ತಪ್ಪಸೂದು?"